ಎಫಿ ಈ ಸಲ ಕ್ವಾರಿಗೆ ಬರಲ್ಲವಂತೆ

"ಈ ಬೇಸಿಗೆಯಲ್ಲಿ ನಾನು ಆ ಜಲ್ಲಿ ಕ್ವಾರಿಗೆ ಕಾಲಿಟ್ಟರೆ ನನ್ನ ಹೆಸರು ಎಫಿ ಪಾರ್ಡಿ ಅಲ್ಲ. ಬೇರೆ ಯಾವುದಾದರೂ ಹೆಸರಿಟ್ಟು ಕರೀರಿ!"

ಎಫಿ ಇದನ್ನು ತನ್ನ ಅಡುಗೆಮನೆಯ ನಾಲ್ಕು ಗೋಡೆಗಳಿಗೆ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವಳು ಹೇಳಿದ್ದು ಡಲ್ಸಿಯ ಅಂಗಡಿಯಲ್ಲಿ, ಶನಿವಾರ ಬೆಳಿಗ್ಗೆ, ಚಹಾಕ್ಕೆ ಡಬ್ಬಿ ಹಾಲು ಕೊಳ್ಳುತ್ತಾ, ಊರಿನ ಅರ್ಧ ಹೆಂಗಸರು ಹಿಂದೆ ಸಾಲುಗಟ್ಟಿ ನಿಂತಿದ್ದಾಗ. ಗ್ಯಾನೆಟ್ ಕೋವ್‌ನಲ್ಲಿ ಸುದ್ದಿ ಹರಡಲು ಪತ್ರಿಕೆ, ರೇಡಿಯೋ ಎಲ್ಲ ದಂಡ. ಡಲ್ಸಿಯ ಕಿವಿಗೆ ಬಿದ್ದರೆ ಸಾಕು.

"ಕ್ವಾರಿಗೆ ಬರಲ್ವಾ? ಮತ್ತೆ ರಜೆಗೆ ಎಲ್ಲಿಗೆ ಹೋಗ್ತೀಯೇ?" ಡಲ್ಸಿ ಹಾಲಿನ ಡಬ್ಬಿಯನ್ನು ಗಾಳಿಯಲ್ಲೇ ಹಿಡಿದು ನಿಂತಳು.

"ಗ್ರೋಸ್ ಮೋರ್ನ್ ನ್ಯಾಷನಲ್ ಪಾರ್ಕಿಗೆ. ನಮ್ಮ ಮನೆಗಾಡೀಲಿ. ನಾನು, ಸೆಲ್ಬಿ, ಇಬ್ಬರೇ. ಸಮುದ್ರದ ದಂಡೆಗುಂಟ ನಡೀತೀವಿ."

"ಇಬ್ಬರೇನಾ?"

"ಇಬ್ಬರೇ."

"ಸೆಲ್ಬಿ ಒಪ್ಪಿದ್ನಾ?"

"ಒಪ್ಪಿದಾನೆ" ಎಂದು ಎಫಿ ಎದೆಯುಬ್ಬಿಸಿ ಹೇಳಿದಳು. ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಸಿಡಿಲು ಬಡಿದದ್ದು ಎಫಿಯ ಪಣ ಕೇಳಿ ಅಲ್ಲ, ಈ ಕೊನೆಯ ಒಂದು ಮಾತು ಕೇಳಿ.

ಯಾಕೆಂದರೆ ಸೆಲ್ಬಿ ಪಾರ್ಡಿ ಮತ್ತು ಕ್ವಾರಿಯ ನಂಟು ಮದುವೆಗಿಂತ ಹಳೆಯದು. ಹೆದ್ದಾರಿ ಹಾಕುವಾಗ ಜಲ್ಲಿ ಅಗೆದು ಹಾಗೇ ಬಿಟ್ಟುಹೋದ ಬೋಳು ಹಳ್ಳ ಅದು. ಊರಿಂದ ಇಪ್ಪತ್ತು ನಿಮಿಷದ ದಾರಿ. ಮರವಿಲ್ಲ, ಹೊಳೆಯಿಲ್ಲ, ನೋಡುವುದಕ್ಕೆ ಜಲ್ಲಿ ಬಿಟ್ಟರೆ ಇನ್ನೊಂದಿಷ್ಟು ಜಲ್ಲಿ. ಬೇಸಿಗೆ ಬಂತೆಂದರೆ ಪಾರ್ಡಿ ವಂಶದವರೆಲ್ಲ ತಮ್ಮ ತಮ್ಮ ಮನೆಗಾಡಿಗಳನ್ನು ಅಲ್ಲಿಗೆ ಒಯ್ದು, ದುಂಡಗೆ ನಿಲ್ಲಿಸಿ, ನಡುವೆ ಬೆಂಕಿ ಹಾಕಿ, ಊರಲ್ಲಿ ದಿನಾ ನೋಡುವ ಮುಖಗಳನ್ನೇ ಅಲ್ಲೂ ನೋಡುತ್ತಾ, ದಿನಾ ಆಡುವ ಮಾತುಗಳನ್ನೇ ಅಲ್ಲೂ ಆಡಿ, 'ಆಹಾ, ಎಂಥ ರಜೆ' ಎಂದು ವಾಪಸಾಗುತ್ತಾರೆ. ಸೆಲ್ಬಿಯ ಮನೆಗಾಡಿ ಸಣ್ಣದೇನಲ್ಲ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಆರ್‌ವಿ. ದೇಶ ಸುತ್ತಲೆಂದೇ ಕೊಂಡದ್ದು. ಪಾಪ, ಆ ಗಾಡಿ ಇಂದಿನವರೆಗೆ ಕಂಡ ದೇಶವೆಂದರೆ ಕ್ವಾರಿಯೊಂದೇ.

ಎಫಿಗೆ ಪಾರ್ಕಿನ ಹುಚ್ಚು ಹಿಡಿದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಅಲ್ಲಿನ ಕ್ಯಾಲೆಂಡರಿನಲ್ಲಿ ಒಂದು ಚಿತ್ರವಿತ್ತು. ಕಾಡಿನೊಳಗಿಂದ ಇಳಿದು ಬರುವ ಕಾಲುದಾರಿ, ಅದರ ತುದಿಗೆ ಸಮುದ್ರದ ನೆತ್ತಿಯ ಮೇಲೆ ಹಸಿರು ಹುಲ್ಲುಗಾವಲು, ಅಲ್ಲಿ ಮೇಯುವ ನಾಲ್ಕು ಕುರಿ. ಮನುಷ್ಯರು ಒಬ್ಬರೂ ಇಲ್ಲ. ಎಫಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಸೆಲ್ಬಿ ಮೂವತ್ತು ವರ್ಷ ದೂರದ ಮಹಾಸರೋವರಗಳಲ್ಲಿ ಸರಕು ಹಡಗಿನ ಕೆಲಸ ಮಾಡಿದವನು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮೂರು ವಾರ ಮನೆಗೆ ಬರುತ್ತಿದ್ದ. ಆ ಮೂರು ವಾರವನ್ನೂ ಕ್ವಾರಿ ನುಂಗಿ ನೀರು ಕುಡಿಯುತ್ತಿತ್ತು. ಈಗ ಕೆಲಸದಿಂದ ನಿವೃತ್ತನಾಗಿ ಬಂದಿದ್ದಾನೆ. ಎಫಿಗೆ ಬೇಕಾದದ್ದು ಒಂದೇ ಒಂದು ವಾರ: ತಾನು, ಗಂಡ, ಎದುರಿಗೆ ಸಮುದ್ರ. ಸುತ್ತಮುತ್ತ ಒಬ್ಬ ಪಾರ್ಡಿಯೂ ಕಣ್ಣಿಗೆ ಬೀಳಬಾರದು.

ಸೆಲ್ಬಿಯನ್ನು ಒಪ್ಪಿಸಿದ್ದು ಊಟದ ಮೇಜಿನಲ್ಲಿ.

"ಕ್ವಾರಿ ಬೇಕಾ, ನಾನು ಬೇಕಾ?"

ಸೆಲ್ಬಿ ಫೋರ್ಕು ಕೆಳಗಿಟ್ಟು ಕಿಟಕಿಯಾಚೆ ನೋಡಿದ. "ಯೋಚನೆ ಮಾಡೋಕೆ ಸ್ವಲ್ಪ ಟೈಮು ಕೊಡ್ತೀಯಾ?"

ಎಫಿ ಅವನ ಮುಂದಿನ ತಟ್ಟೆಗೆ ಕೈ ಹಾಕಿದಳು.

"ನೀನೇ ಮಾರಾಯ್ತಿ, ನೀನೇ. ತಟ್ಟೆ ಬಿಡು."

ಹೀಗೆ ಪ್ರೇಮಪೂರ್ವಕವಾಗಿ ಒಪ್ಪಂದವಾಯಿತು. ಮಾರನೆಯ ದಿನದಿಂದಲೇ ಎಫಿ ದಂಡಯಾತ್ರೆಗೆ ಹೊರಟ ಮಹಾರಾಣಿಯ ಹಾಗೆ ಸಿದ್ಧತೆಗೆ ಇಳಿದಳು. ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ ತಂಗಲು ಏಳು ದಿನಕ್ಕೆ ಜಾಗ ಕಾಯ್ದಿರಿಸಿದಳು. ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿ ಬೆರಳಿನಲ್ಲೇ ಗುಡ್ಡ ಹತ್ತಿ ಇಳಿದಳು. ಆಮೇಲೆ ಗಂಡನ ಹೊಟ್ಟೆಯ ಮೇಲೆ ಕಣ್ಣು ಹಾಕಿದಳು.

"ಈ ಹೊಟ್ಟೆ ಹೊತ್ಕೊಂಡು ನೀನು ನಡೀತೀಯಾ? ಇವತ್ತಿನಿಂದ ಉಪ್ಪುಮಾಂಸ ಬಂದ್, ಹಂದಿ ಕೊಬ್ಬಲ್ಲಿ ಕರಿದದ್ದು ಬಂದ್. ಎಲೆ ತಿನ್ನು."

"ಎಲೆ ತಿನ್ನೋಕೆ ನಾನೇನು ಮೂಸ್ ಪ್ರಾಣೀನಾ?"

"ಮೂಸ್ ಗುಡ್ಡ ಹತ್ತುತ್ತೆ. ನೀನು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀಯ."

ಅಷ್ಟಕ್ಕೇ ಬಿಡಲಿಲ್ಲ. ಹೆಗಲಚೀಲಕ್ಕೆ ಆಲೂಗಡ್ಡೆ ತುಂಬಿ ಅವನ ಬೆನ್ನಿಗೆ ಹೊರಿಸಿ ದಿನಾ ಬೆಳಿಗ್ಗೆ ಚರ್ಚಿನ ಹಿಂದಿನ ಗುಡ್ಡ ಹತ್ತಿಸಿದಳು. ತಾನು ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, "ಬೆನ್ನು ನೆಟ್ಟಗೆ! ಬೆನ್ನು ನೆಟ್ಟಗೆ!" ಎಂದು ಕೂಗುತ್ತಿದ್ದಳು. "ನೀನೂ ಸ್ವಲ್ಪ ಹತ್ತಬಾರ್ದಾ?" ಎಂದು ಸೆಲ್ಬಿ ಒಂದು ದಿನ ಕೇಳಿದ. "ನನಗೆ ಪ್ರಾಕ್ಟೀಸು ಬೇಕಾ? ಮೀನು ಫ್ಯಾಕ್ಟರೀಲಿ ಅಷ್ಟು ವರ್ಷ ನಿಂತೇ ಕೆಲಸ ಮಾಡಿದೋಳು ನಾನು. ನನ್ನ ಕಾಲಿಗೆ ಪಾಠ ಹೇಳಬೇಡ" ಅಂದಳು. ನಿಲ್ಲುವುದಕ್ಕೂ ಹತ್ತುವುದಕ್ಕೂ ಅವಳಿಗೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ.

ಮೂರನೆಯ ಕ್ರಮವಾಗಿ ಮನೆಗಾಡಿ ಖಾಲಿ ಮಾಡಿಸಿದಳು. ಪಾರ್ಕಿನಲ್ಲಿ ಗದ್ದಲ ಮಾಡುವಂತಿಲ್ಲ, ದೊಡ್ಡ ಬೆಂಕಿ ಹಾಕುವಂತಿಲ್ಲ. ಹಾಗಾಗಿ ಗಾಡಿಯಲ್ಲಿದ್ದ ಕುದುರೆ ಲಾಳ ಎಸೆಯುವ ಆಟದ ಸೆಟ್ಟು ಸೆಲ್ಬಿಯ ಒಬ್ಬ ತಮ್ಮನ ಮನೆಗೆ ಹೋಯಿತು. ಮರ ಕೊಯ್ಯುವ ಗರಗಸದ ಯಂತ್ರ ಇನ್ನೊಬ್ಬ ತಮ್ಮನಿಗೆ. ಕೊನೆಗೆ ಸೆಲ್ಬಿ ತನ್ನ ಅಕಾರ್ಡಿಯನ್ ವಾದ್ಯವನ್ನೂ ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಅಕ್ಕನ ಮಗನ ಕೈಗೆ ಕೊಟ್ಟು, "ಜೋಪಾನ ಕಣೋ, ನನಗಿನ್ನು ಇದರ ಕೆಲಸ ಇಲ್ಲ" ಅಂದುಬಿಟ್ಟ.

ಈಗ ಊರಿನವರ ಕಣ್ಣಿಂದ ನೋಡಿ. ಒಬ್ಬ ಮನುಷ್ಯ ಜನ್ಮದಲ್ಲಿ ಮೊದಲ ಸಲ ಕ್ವಾರಿಗೆ ಬರುವುದಿಲ್ಲ ಎನ್ನುತ್ತಾನೆ. ವಾರದಿಂದ ವಾರಕ್ಕೆ ಸೊರಗುತ್ತಾನೆ. ದಿನಾ ಬೆಳಿಗ್ಗೆ ಗುಡ್ಡದ ಅರ್ಧದಲ್ಲಿ ನಿಂತು ಎದೆ ಹಿಡಿದುಕೊಳ್ಳುತ್ತಾನೆ. ಆಮೇಲೆ ತನ್ನ ಆಸ್ತಿಪಾಸ್ತಿಯನ್ನೆಲ್ಲ ಒಂದೊಂದಾಗಿ ಹಂಚುತ್ತಾನೆ. ಹೆಂಡತಿ ಅವನೊಬ್ಬನನ್ನೇ ಕರೆದುಕೊಂಡು, ಅವನು ಎಂದೂ ನೋಡದ ಸಮುದ್ರದಂಚಿಗೆ ಹೊರಟಿದ್ದಾಳೆ. ಇದನ್ನೆಲ್ಲ ಕೂಡಿಸಿದರೆ ಏನು ಬರುತ್ತದೆ ಎಂದು ಲೆಕ್ಕ ಹಾಕಲು ಗ್ಯಾನೆಟ್ ಕೋವ್‌ನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಒಂದು ಮಂಗಳವಾರ ಎಫಿಯ ಮನೆಯ ಮುಂಬಾಗಿಲು ತಟ್ಟಿದ ಸದ್ದಾಯಿತು. ಆ ಊರಲ್ಲಿ ಬಾಗಿಲು ತಟ್ಟುವ ಪದ್ಧತಿಯೇ ಇಲ್ಲ. ಹಿತ್ತಿಲ ಕಡೆಯಿಂದ ಸೀದಾ ಅಡುಗೆಮನೆಗೆ ನುಗ್ಗಿ, ಕೆಟ್ಲಿಯನ್ನು ತಾವೇ ಒಲೆಯ ಮೇಲಿಟ್ಟು, ಆಮೇಲೆ 'ಯಾರಿದೀರಿ ಮನೇಲಿ' ಅನ್ನುವುದು ವಾಡಿಕೆ. ಮುಂಬಾಗಿಲು ತಟ್ಟುವವರು ಪೊಲೀಸರು, ಪಾದ್ರಿ, ಇಲ್ಲವೇ ಸಾವಿನ ಮನೆಗೆ ಬಂದವರು. ಎಫಿ ಓಡಿಹೋಗಿ, ವರ್ಷಗಟ್ಟಲೆ ತೆರೆಯದೆ ಬಿಗಿದುಹೋಗಿದ್ದ ಬಾಗಿಲನ್ನು ಭುಜ ಕೊಟ್ಟು ತಳ್ಳಿ ತೆರೆದಳು.

ಹೊರಗೆ ಫಿಲೋಮಿನಾ ನಿಂತಿದ್ದಳು. ಸೆಲ್ಬಿಯ ಅಕ್ಕ, ಕ್ವಾರಿ ಸಾಮ್ರಾಜ್ಯದ ಚಕ್ರವರ್ತಿನಿ. ಕೈಯಲ್ಲಿ ಉಪ್ಪುಮಾಂಸ, ಎಲೆಕೋಸು, ಬೇಯಿಸಿದ ಬಟಾಣಿ ತುಂಬಿದ ದೊಡ್ಡ ಪಾತ್ರೆ. ಕಣ್ಣು ಕೆಂಪಗೆ.

"ಅತ್ತಿಗೆ, ಇದೇನು ಈ ಕಡೆಯಿಂದ? ಯಾರಿಗೇನಾಯ್ತು?"

"ನೀನು ಧೈರ್ಯವಾಗಿರ್ಬೇಕು ಕಂದ."

"ಧೈರ್ಯವಾಗೇ ಇದೀನಿ. ಯಾಕೆ?"

ಫಿಲೋಮಿನಾ ಪಾತ್ರೆ ಕೆಳಗಿಟ್ಟು ಎಫಿಯನ್ನು ಬಾಚಿ ತಬ್ಬಿಕೊಂಡಳು. "ನಮ್ಮ ಹತ್ರ ಮುಚ್ಚಿಡ್ತೀಯಲ್ಲೇ! ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಮ್ಮ. ಅಕಾರ್ಡಿಯನ್ ಕೊಟ್ಟ ದಿನಾನೇ ನನಗೆ ಗೊತ್ತಾಯ್ತು. ಡಾಕ್ಟ್ರು ಏನಂತಾರೆ, ಚಳಿಗಾಲದವರೆಗಾದ್ರೂ ಇರ್ತಾನಂತಾ?"

ಎಫಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಫಿಲೋಮಿನಾ ಅವಳ ಬೆನ್ನು ಸವರಿದಳು.

"ಅಳು ಕಂದ, ನಗು, ಏನಾದ್ರೂ ಮಾಡು. ಮನಸ್ಸಲ್ಲಿ ಇಟ್ಕೋಬೇಡ."

"ಅವನಿಗೇನೂ ಆಗಿಲ್ಲ ಅತ್ತಿಗೆ! ಗುಂಡುಕಲ್ಲಿನ ಹಾಗಿದಾನೆ. ನಾವು ಸುಮ್ನೆ ರಜೆಗೆ ಹೋಗ್ತಿರೋದು."

"ಹೌದಮ್ಮ, ಹೌದು" ಎಂದಳು ಫಿಲೋಮಿನಾ, ಜ್ವರದಲ್ಲಿ ಬಡಬಡಿಸುವ ಮಗುವಿಗೆ ಹೇಳುವ ದನಿಯಲ್ಲಿ.

ಎಫಿ ಬಿಡುವ ಹೆಂಗಸಲ್ಲ. ಗಂಡನನ್ನು ತೋಳು ಹಿಡಿದು ಎಳೆದು ತಂದಳು. "ಹೇಳು. ನಿನ್ನ ಅಕ್ಕನಿಗೆ ನೀನೇ ಹೇಳು, ನೀನು ಚೆನ್ನಾಗಿದೀಯ ಅಂತ."

"ಚೆನ್ನಾಗೇ ಇದೀನಿ ಅಕ್ಕ" ಎಂದ ಸೆಲ್ಬಿ. ಅಷ್ಟರಲ್ಲಿ ಅವನ ಮೂಗಿಗೆ ಪಾತ್ರೆಯಿಂದ ಉಪ್ಪುಮಾಂಸದ ಪರಿಮಳ ಬಡಿಯಿತು. ಎಲೆ ತಿಂದು ತಿಂದು ಹಸಿರಾಗಿದ್ದ ಮನುಷ್ಯ. "ಅಂದ್ರೆ... ಬೆಳಿಗ್ಗೆ ಎದ್ದಾಗ ಈ ಎಡಭುಜದ ಹತ್ರ ಒಂಥರಾ ಹಿಡ್ಕೊಂಡ ಹಾಗೆ ಆಗುತ್ತೆ ಅಷ್ಟೇ."

"ಅದು ಆಲೂಗಡ್ಡೆ ಚೀಲದ್ದು!" ಎಂದು ಎಫಿ ಕಿರುಚಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಫಿಲೋಮಿನಾ ಅಷ್ಟರಲ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿತ್ತು.

ಅಂದಿನಿಂದ ಮುಂಬಾಗಿಲಿಗೆ ಪುರುಸೊತ್ತೇ ಇರಲಿಲ್ಲ. ಬಾಟಲಿಯಲ್ಲಿ ಹಾಕಿದ ಮೂಸ್ ಮಾಂಸ ಬಂತು. ಉಪ್ಪುಮೀನಿನ ಉಂಡೆ ಬಂತು, ಕಾಡುಹಣ್ಣಿನ ಜಾಮು ಸುರಿದ ಪುಡಿಂಗು ಬಂತು. ತಂದವರೆಲ್ಲ ಪಿಸುದನಿಯಲ್ಲಿ ಮಾತಾಡಿ, ಸೆಲ್ಬಿಯ ಕೈ ಅದುಮಿ, ಎಫಿಯ ಕೆನ್ನೆ ಸವರಿ ಹೋದರು. ಎಫಿ ಪ್ರತಿಯೊಬ್ಬರಿಗೂ ಸೊಂಟದ ಮೇಲೆ ಕೈಯಿಟ್ಟು ನಿಂತು "ಅವನಿಗೆ ಏನೂ ಆಗಿಲ್ಲ" ಎಂದು ಹೇಳಿದಳು. ಹೇಳಿದಷ್ಟೂ ಊರಿಗೆ ಅವಳ ಮೇಲೆ ಗೌರವ ಹೆಚ್ಚಿತು.

"ನೀನಾದ್ರೂ ಗಟ್ಟಿಯಾಗಿ ಹೇಳಬಾರ್ದಾ? ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?" ಎಂದು ಒಂದು ಸಂಜೆ ಗಂಡನ ಮೇಲೆ ಹರಿಹಾಯ್ದಳು.

ಸೆಲ್ಬಿಯ ಬಾಯಲ್ಲಿ ನಿಜಕ್ಕೂ ಪುಡಿಂಗಿತ್ತು. ನುಂಗಿ ಹೇಳಿದ: "ಹೇಳ್ತೀನಿ. ನಾಳೆ ಡಲ್ಸಿ ಬಾತುಕೋಳಿ ತರ್ತಾಳಂತೆ. ಅದು ಆದ್ಮೇಲೆ ಹೇಳ್ತೀನಿ."

ಎಫಿ ಕೊನೆಯ ಅಸ್ತ್ರವಾಗಿ ಅವನನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ನರ್ಸಮ್ಮ ಎದೆ, ಬೆನ್ನು, ನಾಲಿಗೆ ಎಲ್ಲ ನೋಡಿ, ಹೃದಯ ಕುದುರೆಯ ಹಾಗಿದೆ ಎಂದಳು. "ಇದನ್ನ ಹೊರಗೆ ಕೂತಿರೋರಿಗೆ ಹೇಳಿ" ಎಂದು ಎಫಿ ಹಟ ಹಿಡಿದಳು. ನರ್ಸಮ್ಮ ಶಿಸ್ತಿನವಳು. ಹೊರಗೆ ಬಂದು, "ರೋಗಿಯ ವಿಷಯ ಬೇರೆಯವರ ಹತ್ತಿರ ಮಾತಾಡೋ ಹಾಗಿಲ್ಲ, ದಯವಿಟ್ಟು ಯಾರೂ ಏನೂ ಕೇಳಬೇಡಿ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

ಭಾನುವಾರ ಚರ್ಚಿನಲ್ಲಿ ಫಾದರ್ ಟೋಬಿನ್ "ನಮ್ಮಲ್ಲೊಂದು ಕುಟುಂಬ ಕಠಿಣವಾದ ಯಾತ್ರೆಗೆ ಹೊರಟಿದೆ, ಅವರಿಗಾಗಿ ಪ್ರಾರ್ಥಿಸೋಣ" ಎಂದಾಗ ಎಫಿ ಎದ್ದು ನಿಂತೇಬಿಟ್ಟಳು.

"ಫಾದರ್, ನಾವು ಹೊರಟಿರೋದು ಪಾರ್ಕಿಗೆ! ಕುರಿ ನೋಡೋಕೆ!"

ಫಾದರ್ ಟೋಬಿನ್ ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು ತಾಯಿ. ದೇವರೆಂಬ ಒಳ್ಳೆಯ ಕುರುಬನ ಹುಲ್ಲುಗಾವಲಿಗೆ ನಾವೆಲ್ಲರೂ ಒಂದು ದಿನ ಹೊರಡೋರೇ." ಚರ್ಚಿಗೆ ಚರ್ಚೇ ಮೂಗು ಸೀನಿತು.

ಸರಿ, ಏನಾದರೂ ಅಂದುಕೊಳ್ಳಲಿ, ತಾನು ಹೋಗುವುದು ಹೋಗುವುದೇ ಎಂದು ಎಫಿ ಹಲ್ಲು ಕಚ್ಚಿ ತೀರ್ಮಾನಿಸಿದಳು. ಒಂದು ಲಾಭವೂ ಕಂಡಿತು. ಸಾಯುವವನ ಜೊತೆ ಹೊರಟವಳನ್ನು ಯಾರೂ ಕ್ವಾರಿಗೆ ಎಳೆಯುವುದಿಲ್ಲ. ಒಂದು ವಾರವಾದರೂ ಮರ್ಯಾದೆಯಿಂದ ಒಂಟಿಯಾಗಿ ಬಿಡುತ್ತಾರೆ. ಇಷ್ಟು ವರ್ಷ ಪಾರ್ಡಿಗಳ ಜೊತೆ ಬಾಳಿದವಳು ಇಂಥದ್ದನ್ನು ಹೇಗೆ ನಂಬಿದಳೋ ದೇವರೇ ಬಲ್ಲ.

ಹೊರಟ ದಿನ ಬೆಳಿಗ್ಗೆ ಹೆದ್ದಾರಿಯಲ್ಲಿ ಮಂಜು ಕವಿದಿತ್ತು. ಕ್ವಾರಿಯ ತಿರುವು ಬಂದಾಗ ಎಫಿ ಗಂಡನ ಕೈಗಳನ್ನೇ ನೋಡುತ್ತಾ ಕೂತಳು. ಆ ಕೈ ಅಭ್ಯಾಸಬಲದಿಂದ ಸ್ಟೀರಿಂಗನ್ನು ತಿರುಗಿಸಿಬಿಟ್ಟೀತು ಎಂಬ ಭಯ. ಆದರೆ ಗಾಡಿ ನೆಟ್ಟಗೆ ಹೋಯಿತು. ಎಫಿ ಉಸಿರು ಬಿಟ್ಟು ಪಕ್ಕದ ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಒಂದು ಮನೆಗಾಡಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ತಿರುವಿನಲ್ಲಿ ಕಾದು ನಿಂತಿದ್ದ ಪಾರ್ಡಿ ವಂಶ ಸಮಸ್ತವೂ ದೀಪ ಹೊತ್ತಿಸಿಕೊಂಡು, ಶವಯಾತ್ರೆಯ ವೇಗದಲ್ಲಿ ಹಿಂಬಾಲಿಸುತ್ತಿತ್ತು.

"ನಿಲ್ಲಿಸು ಗಾಡಿ!"

ಸೆಲ್ಬಿ ನಿಲ್ಲಿಸಿದ. ಎಫಿ ಇಳಿದು ರಸ್ತೆಯ ಮಧ್ಯೆ ನಿಂತಳು. ಮುಂದಿನ ಗಾಡಿಯ ಕಿಟಕಿ ಇಳಿಸಿ ಫಿಲೋಮಿನಾ ತಲೆ ಹೊರಹಾಕಿದಳು.

"ಏನಾಯ್ತು? ಶುರುವಾಯ್ತಾ ಅವನಿಗೆ?"

"ಅತ್ತಿಗೆ, ನೀವೆಲ್ಲ ಎಲ್ಲಿಗೆ ಹೊರಟ್ರಿ?"

"ನಿಮ್ಮಿಬ್ಬರನ್ನೇ ಬಿಡ್ತೀವಾ ಕಂದ? ದಾರೀಲಿ ಏನಾದ್ರೂ ಆದ್ರೆ ನೀನೊಬ್ಬಳೇ ಏನು ಮಾಡ್ತೀಯ? ಈ ವರ್ಷ ಕ್ವಾರೀನ ನಾವೂ ಬಿಟ್ಟಿದೀವಿ. ಸೆಲ್ಬಿಗಿಂತ ಕ್ವಾರಿ ಹೆಚ್ಚಾ?"

ಎಫಿಗೆ ಬಂದ ಸಿಟ್ಟಿಗೆ ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೀಗೆ ಪ್ರೀತಿ ಹೊತ್ತು ಬಂದವರನ್ನು ಬೈಯುವುದು ಹೇಗೆ? ವಾಪಸ್ಸು ಬಂದು ಕೂತು ಬಾಗಿಲು ಧಡಾರನೆ ಹಾಕಿಕೊಂಡಳು.

ಸೆಲ್ಬಿ ಗಾಡಿ ಶುರುಮಾಡಿ ಕೇಳಿದ: "ಅಷ್ಟೊಂದು ಬೇಜಾರಾ?"

"ನಿನ್ನ ಜೊತೆ ನಾನೊಬ್ಬಳೇ ಒಂದು ವಾರ ಇದ್ದದ್ದು ನಿನಗೆ ನೆನಪಿದೆಯಾ?"

ಸೆಲ್ಬಿ ಯೋಚಿಸಿದ. "ಮದುವೆಯಾದ ವಾರ?"

"ಆಗಲೂ ಕ್ವಾರೀಲೇ ಇದ್ವಿ."

ಸೆಲ್ಬಿ ಮುಂದಿನ ಊರು ಬರುವವರೆಗೂ ರಸ್ತೆಯನ್ನೇ ನೋಡುತ್ತಾ ಓಡಿಸಿದ. ಎಲೆ ತಿನ್ನಿಸಿದಾಗಲೂ ಅವನ ಮುಖ ಅಷ್ಟು ಸಪ್ಪಗಾಗಿರಲಿಲ್ಲ.

ಪಾರ್ಕಿನ ಬಾಗಿಲಲ್ಲಿ ಸಮವಸ್ತ್ರದ ಹುಡುಗಿ ಎಫಿಯ ಗಾಡಿಯನ್ನು ಒಳಗೆ ಬಿಟ್ಟು, ಹಿಂದಿನ ಸಾಲನ್ನು ನೋಡಿ ಕೈ ಅಡ್ಡ ಹಿಡಿದಳು. ಜಾಗ ಕಾಯ್ದಿರಿಸದವರು ರಾತ್ರಿ ಒಳಗೆ ತಂಗುವಂತಿಲ್ಲ. ಎಫಿಗೆ ಆ ಹುಡುಗಿಯ ಕೈಗೆ ಮುತ್ತಿಡಬೇಕೆನ್ನಿಸಿತು. ಆದರೆ ಪಾರ್ಡಿಗಳಿಗೆ ಜಲ್ಲಿಯ ವಾಸನೆ ಎಷ್ಟು ದೂರದಿಂದಲೂ ಹತ್ತುತ್ತದೆ. ಪಾರ್ಕಿನ ಗಡಿಯಾಚೆ ಅವರು ಒಂದು ಹಾಳು ಕ್ವಾರಿ ಹುಡುಕಿ, ದುಂಡಗೆ ಗಾಡಿ ನಿಲ್ಲಿಸಿ, ಸಂಜೆಯೊಳಗೆ ಬೆಂಕಿ ಹಾಕಿದ್ದೂ ಆಯಿತು. ಮಾರನೆಯ ದಿನ ತಿಂಡಿಯ ಹೊತ್ತಿಗೆ ಫಿಲೋಮಿನಾ ಎಫಿಯ ಗಾಡಿಯ ಮೆಟ್ಟಿಲ ಬಳಿ ಕುರ್ಚಿ ಹಾಕಿ ಕೂತಿದ್ದಳು. ಸೆಲ್ಬಿ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದಳು. ಸುಮ್ಮನಿದ್ದರೆ ಕಿಟಕಿಯಲ್ಲಿ ಇಣುಕಿ ಉಸಿರಾಡುತ್ತಿದ್ದಾನೆಯೇ ನೋಡುತ್ತಿದ್ದಳು.

ಮೂರನೆಯ ದಿನ ಎಫಿ ಸಿಡಿದೆದ್ದಳು. ಬೂಟು ಕಟ್ಟಿ, ಚೀಲ ಏರಿಸಿ, ಗಂಡನನ್ನು ಎಬ್ಬಿಸಿಕೊಂಡು ಕ್ಯಾಲೆಂಡರಿನ ಕಾಲುದಾರಿಯ ಬಾಯಿಗೆ ಹೋದಳು. ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ವಂಶವೂ ಬಂದಿಳಿಯಿತು. ಸೆಲ್ಬಿಯ ಇಬ್ಬರು ತಮ್ಮಂದಿರು ದೋಣಿಯ ಎರಡು ಹುಟ್ಟುಗಳ ನಡುವೆ ಟಾರ್ಪಾಲು ಬಿಗಿದು ತಂದಿದ್ದರು. ಅದೇನೆಂದು ಎಫಿ ಕೇಳಲಿಲ್ಲ. ನೋಡಿದರೇ ಗೊತ್ತಾಗುತ್ತಿತ್ತು, ಹೊತ್ತು ತರಲು ಡೋಲಿ.

ಎಫಿ ದಾರಿಗೆ ಅಡ್ಡಲಾಗಿ ಕೈಚಾಚಿ ನಿಂತಳು.

"ಕೇಳಿಸ್ಕೊಳ್ಳಿ ಎಲ್ರೂ. ಇಲ್ಲಿಂದ ಒಂದು ಹೆಜ್ಜೆ ಯಾರಾದ್ರೂ ಮುಂದಿಟ್ರೋ, ಈ ಜನ್ಮದಲ್ಲಿ ಅವರಿಗೆ ನನ್ನ ಕೈಯಿಂದ ಒಂದು ತುಂಡು ಬ್ರೆಡ್ಡು ಸಿಗಲ್ಲ. ನನ್ನ ಗಂಡ, ನನ್ನ ಕಾಲು, ನನ್ನ ದಾರಿ. ನಾನು ನಡೀತೀನಿ. ಕೆಳಗಿನವರೆಗೂ ನಡೀತೀನಿ, ಮೇಲಕ್ಕೂ ನಡ್ಕೊಂಡೇ ಬರ್ತೀನಿ!"

ತಮ್ಮಂದಿರು ಡೋಲಿ ಕೆಳಗಿಟ್ಟರು. ಎಫಿಯ ಬ್ರೆಡ್ಡು ಅಂಥದ್ದು. ಫಿಲೋಮಿನಾ ಕಣ್ಣೊರೆಸಿಕೊಂಡು, "ಬಿಡಿ, ಗಂಡ ಹೆಂಡ್ತಿ ಒಂದಿಷ್ಟು ಹೊತ್ತು ಜೊತೇಲಿರ್ಲಿ. ಇನ್ನೆಷ್ಟು ಸಲವೋ. ನಾವಿಲ್ಲೇ ಕಾಯ್ತೀವಿ" ಎಂದಳು.

ದಾರಿ ಇಳಿಯಿತು. ಇಳಿಯುತ್ತಲೇ ಹೋಯಿತು. ಎಫಿ ಹಾಡು ಗುನುಗುತ್ತಾ, ಆಗಾಗ ಹಿಂದೆ ತಿರುಗಿ "ಬೆನ್ನು ನೆಟ್ಟಗೆ" ಎನ್ನುತ್ತಾ ಇಳಿದಳು. ಕಾಡು ಮುಗಿದು ಹಸಿರು ತೆರೆಯಿತು. ಕೆಳಗೆ ಸಮುದ್ರ, ಅದರೊಳಗೆ ನಿಂತ ಕರೀ ಬಂಡೆಗಳು, ಹುಲ್ಲಿನಲ್ಲಿ ನಿಜವಾದ ಕುರಿಗಳು. ಒಬ್ಬ ಪಾರ್ಡಿಯೂ ಇಲ್ಲ. ಇಬ್ಬರೂ ಹುಲ್ಲಿನ ಮೇಲೆ ಕೂತು ಮೂಸ್ ಮಾಂಸದ ಸ್ಯಾಂಡ್‌ವಿಚ್ ತಿಂದರು.

"ಹಡಗಲ್ಲಿದ್ದಾಗ ಮಾತಾಡೋಕೆ ಜನ ಸಿಗ್ತಿರ್ಲಿಲ್ಲ" ಎಂದ ಸೆಲ್ಬಿ, ಸಮುದ್ರ ನೋಡುತ್ತಾ. "ಅದಕ್ಕೇ ಮನೆಗೆ ಬಂದ್ರೆ ಎಲ್ರೂ ಸುತ್ತ ಇರಬೇಕು ಅನ್ನಿಸ್ತಿತ್ತು."

"ನನ್ನ ಸುತ್ತ ವರ್ಷಪೂರ್ತಿ ಎಲ್ರೂ ಇರ್ತಿದ್ರು. ಅದಕ್ಕೇ ನನಗೆ ನೀನೊಬ್ಬ ಸಾಕು ಅನ್ನಿಸ್ತಿತ್ತು."

ಸೆಲ್ಬಿ ಅವಳ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡ. ಒಂದು ಕುರಿ ಬಂದು ಬ್ರೆಡ್ಡಿನ ಅಂಚು ತಿಂದುಕೊಂಡು ಹೋಯಿತು. ಇದಕ್ಕಾಗಿ ಇನ್ನೂ ಮೂವತ್ತು ವರ್ಷ ಜಗಳವಾಡಬೇಕಾಗಿದ್ದರೂ ಆಡುತ್ತಿದ್ದೆ ಎಂದು ಎಫಿಗೆ ಅನ್ನಿಸಿತು.

ಇಷ್ಟಕ್ಕೇ ಕತೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಳಿದ ದಾರಿಯನ್ನು ಹತ್ತಲೇಬೇಕಲ್ಲ. ಆ ಕ್ಯಾಲೆಂಡರಿನವರು ಇದೊಂದು ವಿಷಯವನ್ನು ಚಿತ್ರದಲ್ಲಿ ತೋರಿಸಿರಲಿಲ್ಲ.

ಮೊದಲ ಏರಿನಲ್ಲಿ ಎಫಿ ಹಾಡು ನಿಲ್ಲಿಸಿದಳು. ಎರಡನೆಯದರಲ್ಲಿ ಮಾತು ನಿಲ್ಲಿಸಿದಳು. ಮೂರನೆಯದರಲ್ಲಿ ಅವಳೇ ನಿಂತಳು. ಮಂಡಿ ಚಿಪ್ಪುಗಳು ಇನ್ನು ನಮ್ಮಿಂದಾಗದು ಎಂದು ಕೈಯೆತ್ತಿಬಿಟ್ಟವು.

"ಎತ್ಕೊಳ್ಲಾ?" ಎಂದ ಸೆಲ್ಬಿ. ಅವನಿಗೆ ಬೆವರು ಕೂಡ ಬಂದಿರಲಿಲ್ಲ.

"ಬೇಡ. ನಡೀತೀನಿ."

ಹತ್ತು ಹೆಜ್ಜೆ ನಡೆದಳು. ಆಮೇಲೆ ಒಂದಿಷ್ಟು ದೂರ ಬೇರು ಹಿಡಿದು ಜಗ್ಗಿದಳು. ಇನ್ನೊಂದಿಷ್ಟು ದೂರ ಅಂಬೆಗಾಲಿಟ್ಟಳು. ಕೊನೆಗೆ ದಾರಿಯ ಮಧ್ಯೆ ಕಾಲು ಚಾಚಿ ಕೂತು, "ನಾನು ಇಲ್ಲೇ ಇರ್ತೀನಿ. ಕುರಿಗಳ ಜೊತೆ" ಎಂದಳು.

ಸೆಲ್ಬಿ ಚೀಲವನ್ನು ಎದೆಯ ಕಡೆ ಹಾಕಿಕೊಂಡು, ಬೆನ್ನು ಬಗ್ಗಿಸಿ ಅವಳನ್ನು ಏರಿಸಿಕೊಂಡ. ಆಲೂಗಡ್ಡೆ ಹೊತ್ತು ಹೊತ್ತು ಪಳಗಿದ ಬೆನ್ನು, ಆನೆಯ ಹಾಗೆ ಹತ್ತಿತು. ದಾರಿಯುದ್ದಕ್ಕೂ ಎಫಿ, "ಇಳಿಸು, ಮೇಲೆ ಹೋಗೋದ್ರೊಳಗೆ ಇಳಿಸು, ಅವರ ಕಣ್ಣಿಗೆ ಬಿದ್ರೆ ನಾನು ಸತ್ತೇಹೋಗ್ತೀನಿ" ಎಂದು ಅವನ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಆದರೆ ಕೊನೆಯ ತಿರುವು ಅವರಿಬ್ಬರೂ ಅಂದುಕೊಂಡದ್ದಕ್ಕಿಂತ ಬೇಗ ಬಂದುಬಿಟ್ಟಿತು.

ಪಾರ್ಡಿಗಳೆಲ್ಲ ಎದ್ದು ನಿಂತರು. ಫಿಲೋಮಿನಾ ತಮ್ಮನ ಕೆಂಪು ಕೆನ್ನೆ ನೋಡಿದಳು, ಗಟ್ಟಿಯಾಗಿ ನಿಂತ ಕಾಲು ನೋಡಿದಳು. ಆಮೇಲೆ ಅವನ ಬೆನ್ನ ಮೇಲೆ ಕೂದಲು ಕೆದರಿ, ಮುಖ ಬಿಳಿಚಿಕೊಂಡು ಜೋತುಬಿದ್ದಿದ್ದ ಎಫಿಯನ್ನು ನೋಡಿದಳು. ನೋಡನೋಡುತ್ತಾ ಅವಳಿಗೆ ಎಲ್ಲ ಹೊಳೆಯಿತು. ಪಾರ್ಕಿನ ಹಟ ಹಿಡಿದದ್ದು ಯಾರು, ಗುಡ್ಡದ ಕೆಳಗೆ ಕುರ್ಚಿ ಬಿಟ್ಟು ಏಳದೆ ಕೂತಿದ್ದದ್ದು ಯಾರು, ಅವನಿಗೇನೂ ಆಗಿಲ್ಲ, ಅವನಿಗೇನೂ ಆಗಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದದ್ದು ಯಾರು.

"ಅಯ್ಯೋ ನನ್ನ ಕಂದಮ್ಮ" ಎಂದಳು ಫಿಲೋಮಿನಾ. "ಕಾಯಿಲೆ ನಿನಗಾ?"

ತಮ್ಮಂದಿರು ಡೋಲಿ ಹಿಡಿದು ಓಡಿ ಬಂದರು. ಎಫಿಯನ್ನು ನಾಲ್ಕು ಕೈಗಳು ಎತ್ತಿ ಟಾರ್ಪಾಲಿನ ಮೇಲೆ ಮಲಗಿಸಿದವು. ಯಾರೋ ಕಂಬಳಿ ಹೊದಿಸಿದರು. ಯಾರೋ ಅವಳ ಬೂಟು ಬಿಚ್ಚಿದರು.

"ನನಗೇನೂ ಆಗಿಲ್ಲ!" ಎಂದು ಎಫಿ ಕಂಬಳಿಯ ಒಳಗಿಂದ ಕೂಗಿದಳು.

"ಹೌದಮ್ಮ, ಹೌದು" ಎಂದು ಫಿಲೋಮಿನಾ ಅವಳ ಹಣೆ ಸವರಿ, ಉಳಿದವರ ಕಡೆ ತಿರುಗಿ ದನಿ ತಗ್ಗಿಸಿದಳು. "ನಮ್ಮ ಗಾಡಿಗಳನ್ನ ಇಲ್ಲಿಗೇ ತನ್ನಿ. ಇನ್ನು ಇವಳನ್ನ ಒಂದು ನಿಮಿಷಾನೂ ಒಂಟಿಯಾಗಿ ಬಿಡೋ ಹಾಗಿಲ್ಲ."